ತುರ್ತು ಚಿಕಿತ್ಸೆಯ ಬಾಗಿಲಲ್ಲಿ ವಿಳಂಬವೇಕೆ?



ಶ್ರೀಮಠದ ಜಾತ್ರೆಯ ದಿನಗಳಲ್ಲಿ ದಾಸೋಹ ಮಂಟಪದ ಮುಂದೆ ಸಾಲಿನಲ್ಲಿ ನಿಂತ ಅನುಭವ ನಮಗೆಲ್ಲರಿಗೂ ಉಂಟು. ಒಳಗೆ ಪಂಕ್ತಿ ಕುಳಿತಿರುತ್ತದೆ, ಹೊರಗೆ ಸಾಲು ಬೆಳೆಯುತ್ತಿರುತ್ತದೆ. ಆದರೂ ನಿಂತವರು ಬೇಸರಪಡುವುದಿಲ್ಲ. ಮುಂದಿನ ಪಂಕ್ತಿಯಲ್ಲಿ ತಮಗೆ ಸ್ಥಳ ದೊರೆಯುವುದೆಂಬ ಭರವಸೆ ಅವರಿಗಿರುತ್ತದೆ. ಅದೇ ನಾವು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ, ಜನರ ಮಾತಿನಲ್ಲಿ ಕ್ಯಾಜುವಾಲ್ಟಿಯ, ಮುಂದೆ ಅರ್ಧ ಗಂಟೆ ನಿಂತರೆ ಮನಸ್ಸು ಕುದಿಯತೊಡಗುತ್ತದೆ. "ಮೊದಲು ಬಂದವರು ನಾವು, ಹಿಂದಿನಿಂದ ಬಂದವರನ್ನು ಒಳಗೆ ಕರೆದರು", "ಬೆಡ್ ಇಲ್ಲವೆಂದು ಸ್ಟ್ರೆಚರಿನ ಮೇಲೆಯೇ ಮಲಗಿಸಿದರು" ಎಂಬ ದೂರುಗಳನ್ನು ನಮ್ಮ ಚಿಕಿತ್ಸಾಲಯದಲ್ಲಿ ಆಗಾಗ ಕೇಳುತ್ತಲೇ ಇರುತ್ತೇವೆ. ಈ ದೂರುಗಳಲ್ಲಿ ಸತ್ಯವಿದೆ. ಆದರೆ ಪೂರ್ಣ ಸತ್ಯವಿಲ್ಲ. ವಿಳಂಬವು ಎಲ್ಲೆಲ್ಲಿ ಹುಟ್ಟುತ್ತದೆ, ಅದರಲ್ಲಿ ಆಸ್ಪತ್ರೆಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ.

ಒಂದು ರಾತ್ರಿಯ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ನಮಗೆ ಪರಿಚಿತರಾದ ಹಿರಿಯರೊಬ್ಬರಿಗೆ ರಾತ್ರಿ ಒಂಬತ್ತೂವರೆಗೆ ಊಟವಾದ ಮೇಲೆ ಎದೆಯಲ್ಲಿ ಉರಿ ಮತ್ತು ಬಿಗಿತ ಕಾಣಿಸಿತು. ಗ್ಯಾಸ್ಟ್ರಿಕ್ ಇರಬೇಕೆಂದು ಮನೆಯವರು ಓಂಕಾಳಿನ ಕಷಾಯ ಕೊಟ್ಟರು, ಬಳಿಕ ಸೋಡಾ ಕುಡಿಸಿದರು. ರಾತ್ರಿಯೆಲ್ಲ ಕುಳಿತೇ ಕಳೆದ ಹಿರಿಯರು ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿಕೊಂಡು ಏಳೂವರೆಗೆ ನಮ್ಮಲ್ಲಿಗೆ ಬಂದರು. ಹಣೆಯ ಮೇಲಿನ ತಣ್ಣನೆಯ ಬೆವರನ್ನು ಕಂಡೊಡನೆ ನಾವು ಔಷಧದ ಮಾತನ್ನೇ ಎತ್ತದೆ ಅವರನ್ನು ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಿ ವೈದ್ಯರು ಅಪಘಾತದ ಗಾಯಾಳುವೊಬ್ಬನ ಚಿಕಿತ್ಸೆಯಲ್ಲಿದ್ದ ಕಾರಣ ಇಸಿಜಿ ತೆಗೆಯಲು ಇಪ್ಪತ್ತು ನಿಮಿಷ ತಡವಾಯಿತು. ಹೃದಯಾಘಾತವೆಂಬುದು ಖಚಿತವಾಯಿತು. ಜೀವ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಮರಳಿ ಬಾರದಂತೆ ಹೋಯಿತು. ಇಂದಿಗೂ ಅವರು ಹತ್ತು ಮೆಟ್ಟಿಲು ಏರಿದರೆ ಕುಳಿತುಕೊಳ್ಳುತ್ತಾರೆ.

ತರುವಾಯ ಅವರ ಮಗ ನಮ್ಮಲ್ಲಿಗೆ ಬಂದು ಆಸ್ಪತ್ರೆಯ ಇಪ್ಪತ್ತು ನಿಮಿಷಗಳ ಬಗ್ಗೆ ಬಹಳ ನೊಂದು ಮಾತನಾಡಿದರು. ಎದೆನೋವಿನ ರೋಗಿ ಬಂದ 10 ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ಸರ್ವಮಾನ್ಯವಾದ ನಿಯಮ. ಆದ್ದರಿಂದ ಅವರ ದೂರು ನ್ಯಾಯವಾದುದೇ. ಆದರೆ ಮನೆಯಲ್ಲಿ ಕಳೆದ ಹತ್ತು ಗಂಟೆಗಳನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾವು ಆ ಲೆಕ್ಕವನ್ನು ಮೆಲ್ಲನೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅವರನ್ನು ನೋಯಿಸಬೇಕೆಂದು ನಾವು ಹೇಳಿದ್ದಲ್ಲ. ಅವರ ಮನೆಯಲ್ಲಿ ಇನ್ನೂ ನಾಲ್ವರು ಇದ್ದಾರೆಂದು ಹೇಳಿದೆವು.

ಮೊದಲು ಬಂದವರೋ, ಮೊದಲು ಬೇಕಾದವರೋ?

ದಾಸೋಹದಲ್ಲಿ ಎಲ್ಲರ ಹಸಿವೂ ಸಮಾನ. ಆದುದರಿಂದ ಸಾಲಿನ ಕ್ರಮವೇ ನ್ಯಾಯ. ತುರ್ತು ಚಿಕಿತ್ಸೆಯಲ್ಲಿ ಅಪಾಯವು ಸಮಾನವಲ್ಲ. ಉಸಿರು ಕಟ್ಟುತ್ತಿರುವವನೂ ಕಾಲು ಉಳುಕಿದವನೂ ಒಂದೇ ಸಾಲಿನಲ್ಲಿ ನಿಂತರೆ ಅದು ಸಮಾನತೆಯಂತೆ ತೋರಬಹುದು, ಆದರೆ ಅನ್ಯಾಯವಾಗುತ್ತದೆ. ಈ ಕಾರಣದಿಂದ ಆಸ್ಪತ್ರೆಗಳಲ್ಲಿ ರೋಗಿ ಬಂದೊಡನೆ ನಾಡಿ, ಉಸಿರಾಟ, ರಕ್ತದೊತ್ತಡ, ಪ್ರಜ್ಞೆ ಇವುಗಳನ್ನು ನೋಡಿ ವಿಂಗಡಿಸುತ್ತಾರೆ. ಇದಕ್ಕೆ ಟ್ರಯಾಜ್ ಎಂದು ಹೆಸರು. ವಿಂಗಡಿಸು ಎಂಬರ್ಥದ ಫ್ರೆಂಚ್ ಪದದಿಂದ ಬಂದ ಮಾತಿದು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಎಂಬಾತನು ಯುದ್ಧಭೂಮಿಯಲ್ಲಿ ಗಾಯಾಳುವಿನ ಪದವಿಯನ್ನು ನೋಡದೆ, ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ಮಾಡುವ ಕ್ರಮವನ್ನು ರೂಢಿಗೆ ತಂದನು. ಅಧಿಕಾರಿಯ ಸಣ್ಣ ಗಾಯಕ್ಕಿಂತ ಸಾಮಾನ್ಯ ಸೈನಿಕನ ದೊಡ್ಡ ಗಾಯ ಮೊದಲು ಎಂಬುದೇ ಅದರ ತಿರುಳು.

ಸಾಮಾನ್ಯವಾಗಿ ಕೆಂಪು, ಹಳದಿ, ಹಸಿರು ಎಂಬ ಬಣ್ಣಗಳಿಂದ ಈ ವಿಂಗಡಣೆಯನ್ನು ಗುರುತಿಸುತ್ತಾರೆ. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ಬೇಗನೆ, ಹಸಿರು ಎಂದರೆ ಕಾಯಬಹುದು. ಆಯುರ್ವೇದಕ್ಕೂ ಈ ವಿಚಾರ ಹೊಸದಲ್ಲ. ಚಿಕಿತ್ಸೆಗೆ ತೊಡಗುವ ಮುನ್ನ ರೋಗವು ಸುಖಸಾಧ್ಯವೋ, ಕೃಚ್ಛ್ರಸಾಧ್ಯವೋ, ಯಾಪ್ಯವೋ, ಅಸಾಧ್ಯವೋ ಎಂಬುದನ್ನು ವೈದ್ಯನು ತಿಳಿಯಬೇಕೆಂದು ಚರಕಾಚಾರ್ಯರು ವಿಧಿಸಿದ್ದಾರೆ. ಕೂಡಲೇ ಪರಿಹರಿಸಬೇಕಾದ ಅಪಾಯದ ಅವಸ್ಥೆಗೆ ನಮ್ಮ ಶಾಸ್ತ್ರದಲ್ಲಿ ಆತ್ಯಯಿಕ ಎಂಬ ಹೆಸರೇ ಇದೆ.

ಆದ್ದರಿಂದ ನಮ್ಮ ನಂತರ ಬಂದವರನ್ನು ಮೊದಲು ಒಳಗೆ ಕರೆದರೆ ಅದು ಅವಮಾನವೆಂದು ಭಾವಿಸಬಾರದು. ಅವರ ಅಪಾಯ ನಮ್ಮದಕ್ಕಿಂತ ದೊಡ್ಡದೆಂದು, ನಮಗೆ ಇನ್ನೂ ಸಮಯವಿದೆಯೆಂದು ತಿಳಿಯಬೇಕು. ಆದರೆ ಒಂದು ಎಚ್ಚರ ಅಗತ್ಯ. ಕಾಯುತ್ತಿರುವಾಗ ರೋಗಿಯ ಸ್ಥಿತಿ ಬದಲಾಗಬಹುದು. ಉಸಿರು ಹೆಚ್ಚಿದರೆ, ಬೆವರಿದರೆ, ಮಂಪರು ಬಂದರೆ, ಮಾತು ತೊದಲಿದರೆ ತಾಳ್ಮೆಯಿಂದ ಕುಳಿತಿರುವುದು ಸದ್ಗುಣವಲ್ಲ. ದಾದಿಯ ಬಳಿಗೆ ಹೋಗಿ "ಆಗ ಹೀಗಿರಲಿಲ್ಲ, ಈಗ ಹೀಗಾಗಿದೆ, ಮತ್ತೊಮ್ಮೆ ನೋಡಿ" ಎಂದು ಸ್ಪಷ್ಟವಾಗಿ ಹೇಳಬೇಕು.

ಪಂಕ್ತಿ ಏಳದಿದ್ದರೆ

ವೈದ್ಯರು ಕಡಿಮೆ ಇರುವುದರಿಂದಲೇ ಸಾಲು ಬೆಳೆಯುತ್ತದೆಂದು ಸಾಮಾನ್ಯವಾಗಿ ಎಲ್ಲರೂ ನಂಬುತ್ತಾರೆ. ಅದೂ ಒಂದು ಕಾರಣವೇ. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕಿಂತ ಮಿಗಿಲಾದ ಕಾರಣವೊಂದಿದೆ. ಅದನ್ನು ದಾಸೋಹದ ಲೆಕ್ಕದಿಂದಲೇ ತಿಳಿಯಬಹುದು. ಮಂಟಪದಲ್ಲಿ 100 ಜನರಿಗೆ ಸ್ಥಳವಿದ್ದು ಪಂಕ್ತಿಯು ಅರ್ಧ ಗಂಟೆಗೆ ಏಳುತ್ತಿದ್ದರೆ ಗಂಟೆಗೆ 200 ಜನರು ಪ್ರಸಾದ ಸ್ವೀಕರಿಸುತ್ತಾರೆ. ಉಂಡವರು ಹೊರಹೋಗುವ ಬಾಗಿಲಿನಲ್ಲಿ ತಡೆಯುಂಟಾಗಿ ಪಂಕ್ತಿ ಏಳಲು ಒಂದು ಗಂಟೆ ಹಿಡಿದರೆ ಆ ಸಂಖ್ಯೆ 100ಕ್ಕೆ ಇಳಿಯುತ್ತದೆ. ಅಡುಗೆಯವರು ಅಷ್ಟೇ, ಬಡಿಸುವವರು ಅಷ್ಟೇ, ಅನ್ನವೂ ಸಿದ್ಧವಿದೆ. ಆದರೂ ಹೊರಗಿನ ಸಾಲು ಬೆಳೆಯುತ್ತದೆ.

ಆಸ್ಪತ್ರೆಯಲ್ಲಿಯೂ ಹಾಗೆಯೇ. ತುರ್ತು ವಿಭಾಗಕ್ಕೆ ಗಂಟೆಗೆ 6 ರೋಗಿಗಳು ಬರುವರೆಂದು ಇಟ್ಟುಕೊಳ್ಳೋಣ. ಪ್ರತಿಯೊಬ್ಬರೂ ಅಲ್ಲಿ 2 ಗಂಟೆ ಇದ್ದರೆ 12 ಬೆಡ್‌ಗಳು ಸಾಕು. ಮೇಲಿನ ವಾರ್ಡಿನಲ್ಲಿ ಸ್ಥಳವಿಲ್ಲದೆ ಪ್ರತಿಯೊಬ್ಬರೂ 5 ಗಂಟೆ ಅಲ್ಲಿಯೇ ಉಳಿದರೆ 30 ಬೆಡ್‌ಗಳು ಬೇಕಾಗುತ್ತವೆ. ಬಂದ ರೋಗಿಗಳ ಸಂಖ್ಯೆ ಒಂದೂ ಹೆಚ್ಚಿಲ್ಲ. ಹೊರಹೋಗುವ ದಾರಿ ಮಾತ್ರ ಕಟ್ಟಿಕೊಂಡಿದೆ. ಇದೇ ವಿಷಯವನ್ನು ಅಧ್ಯಯನ ಮಾಡಿದ ವಿದ್ವಾಂಸರು ತುರ್ತು ವಿಭಾಗದ ಜನಸಂದಣಿಗೆ ಮೂರು ಸ್ಥಾನಗಳನ್ನು ಗುರುತಿಸುತ್ತಾರೆ: ಒಳಬರುವ ಬಾಗಿಲು, ಒಳಗಿನ ಪರೀಕ್ಷೆ ಮತ್ತು ಚಿಕಿತ್ಸೆ, ಹೊರಹೋಗುವ ಬಾಗಿಲು. ಬಹುತೇಕ ದೊಡ್ಡ ಆಸ್ಪತ್ರೆಗಳಲ್ಲಿ ಗಂಟು ಬೀಳುವುದು ಮೂರನೆಯದರಲ್ಲಿ.

ಶ್ರೀಮಂತ ದೇಶಗಳೂ ಇದರಿಂದ ಪಾರಾಗಿಲ್ಲ. ಇಂಗ್ಲೆಂಡಿನ ಸರ್ಕಾರವು ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು 4 ಗಂಟೆಗಳೊಳಗೆ ಚಿಕಿತ್ಸೆ ಮಾಡಿ ಮನೆಗೆ ಕಳುಹಿಸಬೇಕು ಇಲ್ಲವೇ ವಾರ್ಡಿಗೆ ಸೇರಿಸಬೇಕೆಂಬ ಗುರಿಯನ್ನು 2000ರಲ್ಲಿ ಘೋಷಿಸಿತು. ನೂರಕ್ಕೆ 95 ರೋಗಿಗಳ ವಿಷಯದಲ್ಲಿ ಅದನ್ನು ಪಾಲಿಸಬೇಕೆಂಬ ಮಟ್ಟವನ್ನು ಅಲ್ಲಿ ಕಳೆದ ಹಲವು ವರ್ಷಗಳಿಂದ ಮುಟ್ಟಲಾಗುತ್ತಿಲ್ಲ. ಗುಣಮುಖರಾದ ವೃದ್ಧರನ್ನು ನೋಡಿಕೊಳ್ಳುವ ವ್ಯವಸ್ಥೆ ಸಾಲದೆ, ಅವರು ವಾರ್ಡಿನಲ್ಲಿಯೇ ಉಳಿಯುವುದು ಅದರ ಮುಖ್ಯ ಕಾರಣಗಳಲ್ಲೊಂದು.

ನಮ್ಮಲ್ಲಿಯೂ ಗುಣಮುಖರಾದವರು ವಾರ್ಡಿನಲ್ಲಿ ಉಳಿಯುತ್ತಾರೆ, ಕಾರಣಗಳು ಮಾತ್ರ ಬೇರೆ. ಕಾಗದಪತ್ರಗಳು, ವಿಮೆಯ ಮಂಜೂರಾತಿ ಇವು ಆಸ್ಪತ್ರೆಯ ಪಾಲು. ಇನ್ನು ನಮ್ಮ ಪಾಲಿನದು: ಬೆಳಿಗ್ಗೆಯೇ ಡಿಸ್ಚಾರ್ಜ್ ಎಂದು ಹೇಳಿದ್ದರೂ ಕರೆದೊಯ್ಯುವವರು ಸಂಜೆಗೆ ಬರುವುದು, "ಇವತ್ತು ಮಂಗಳವಾರ, ನಾಳೆ ಅಮಾವಾಸ್ಯೆ, ರೋಗಿಯನ್ನು ಮನೆಗೆ ಕರೆದೊಯ್ಯಬಾರದು" ಎಂದು ಎರಡು ದಿನ ಬೆಡ್ ಹಿಡಿದಿಡುವುದು. ಬಂಧುಗಳೇ, ವಾರ, ತಿಥಿ, ರಾಹುಕಾಲಗಳ ಭಯವನ್ನು ಬಸವಾದಿ ಶರಣರು 12ನೇ ಶತಮಾನದಲ್ಲಿಯೇ ತಳ್ಳಿಹಾಕಿದರು. ಅವರ ಹೆಸರು ಹೇಳುವ ನಾವು ಅಮಾವಾಸ್ಯೆಗೆ ಅಂಜಿ ಬೆಡ್ ಬಿಡದಿದ್ದರೆ, ಕೆಳಗೆ ಸ್ಟ್ರೆಚರಿನ ಮೇಲೆ ಒದ್ದಾಡುತ್ತಿರುವವರ ತಾಯಿಯೋ ಮಗುವೋ ಅದರ ಬೆಲೆಯನ್ನು ತೆರುತ್ತದೆ. ಗುಣವಾದ ದಿನವೇ ಶುಭದಿನ, ವೈದ್ಯರು ಹೋಗಿರೆಂದ ಗಳಿಗೆಯೇ ಶುಭಗಳಿಗೆ.

ಮನೆಯೊಳಗಿನ ವಿಳಂಬ

ಎಲ್ಲಕ್ಕಿಂತ ದೀರ್ಘವಾದ ವಿಳಂಬವು ಆಸ್ಪತ್ರೆಯ ಗಡಿಯಾರದಲ್ಲಿ ದಾಖಲಾಗುವುದೇ ಇಲ್ಲ. ಅದು ಮನೆಯಲ್ಲಿ ಕಳೆಯುತ್ತದೆ. ಚರಕಸಂಹಿತೆಯು ಶಿರಸ್ಸು, ಹೃದಯ, ಬಸ್ತಿ ಈ ಮೂರನ್ನು ಪ್ರಾಣಕ್ಕೆ ಆಶ್ರಯವಾದ ತ್ರಿಮರ್ಮಗಳೆಂದು ಪರಿಗಣಿಸುತ್ತದೆ. ಇಂದಿನ ಭಕ್ತರು ನೆನಪಿನಲ್ಲಿಡಲು ಇದು ಅನುಕೂಲವಾದ ಸೂತ್ರ.

ಹೃದಯ: ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ನೋವು; ಅದು ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವುದು; ತಣ್ಣನೆಯ ಬೆವರು, ಏದುಸಿರು. ಇವು ಕಂಡರೆ ರೋಗಿಯನ್ನು ನಡೆಸಬಾರದು, ಕಾಯಬಾರದು. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಮೊದಲ ಮೂರು ಗಂಟೆಗಳಲ್ಲಿ ಅತ್ಯಂತ ಫಲಕಾರಿ. ಹನ್ನೆರಡು ಗಂಟೆ ಕಳೆದ ಮೇಲೆ ಅದರ ಪ್ರಯೋಜನ ಬಹಳ ಕಡಿಮೆ. ನಮ್ಮ ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡಿ ಸಲಹೆ ನೀಡುವ ಮತ್ತು ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಮುಚ್ಚಿಡದೆ ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಿಯೊಬ್ಬರು ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ವಾಕರಿಕೆ, ಆಯಾಸ ಎಂದು ಬಂದರು. ಎದೆನೋವು ಇರಲಿಲ್ಲ. ನಾವು ಆಮ್ಲಪಿತ್ತವೆಂದು ತಿಳಿದು ಔಷಧ ಕೊಟ್ಟು ಕಳುಹಿಸಿದೆವು. ಮರುದಿನ ಅವರಿಗೆ ಹೃದಯಾಘಾತವಾಗಿದ್ದುದು ತಿಳಿಯಿತು. ಸ್ತ್ರೀಯರಲ್ಲಿ, ವೃದ್ಧರಲ್ಲಿ, ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದೆಂಬ ಪಾಠವನ್ನು ನಾವು ಆ ತಾಯಿಯಿಂದ ಕಲಿತೆವು. ಅಂದಿನಿಂದ ಇಂತಹವರನ್ನು ಇಸಿಜಿ ಇಲ್ಲದೆ ನಾವು ಮನೆಗೆ ಕಳುಹಿಸಿಲ್ಲ.

ಶಿರಸ್ಸು: ಇದ್ದಕ್ಕಿದ್ದಂತೆ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು, ತೂಕ ತಪ್ಪುವುದು. ಇದು ಪಾರ್ಶ್ವವಾಯು, ನಮ್ಮ ಶಾಸ್ತ್ರದ ಪಕ್ಷಾಘಾತ, ಜನರ ಬಾಯಲ್ಲಿ ಲಕ್ವಾ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಲೆಕ್ಕ ಹಾಕಲಾಗಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ, ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಂಡು ಕೊಡಬೇಕು. ಆದ್ದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಬಾಯಿಗೆ ನೀರನ್ನಾಗಲಿ ಔಷಧವನ್ನಾಗಲಿ ಹಾಕಬಾರದು. ಲಕ್ವಾಕ್ಕೆ ನಾಟಿ ಔಷಧ ಕೊಡುವವರ ಊರಿಗೆ ರೋಗಿಯನ್ನು ಹೊತ್ತೊಯ್ದು ಈ ಅಮೂಲ್ಯ ಗಂಟೆಗಳನ್ನು ಕಳೆದವರನ್ನು ನಾವು ಬಹಳ ಜನ ಕಂಡಿದ್ದೇವೆ. ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ಅಭ್ಯಂಗ, ಸ್ವೇದನ ಮುಂತಾದವುಗಳಿಗೆ ಸ್ಥಾನವಿದೆ, ಅದು ಜೀವದ ಅಪಾಯ ಕಳೆದ ಮೇಲೆ. ಮೊದಲ ಗಂಟೆಗಳು ಆಸ್ಪತ್ರೆಗೆ ಸೇರಿದವು.

ಬಸ್ತಿ: ವೃದ್ಧರಲ್ಲಿ ಮೂತ್ರವು ಸಂಪೂರ್ಣವಾಗಿ ಕಟ್ಟಿ ಕಿಬ್ಬೊಟ್ಟೆ ಉಬ್ಬಿ ನೋಯುವುದು. ಬಾರ್ಲಿ ನೀರು ಕುಡಿಸುತ್ತಾ ಕುಳಿತರೆ ನೋವು ಇಮ್ಮಡಿಯಾಗುತ್ತದೆ. ನಳಿಕೆ ಹಾಕಿ ಮೂತ್ರ ತೆಗೆದರೆ ಕೂಡಲೇ ಶಮನ ದೊರೆಯುತ್ತದೆ.

ಈ ಮೂರರ ಜೊತೆಗೆ ಹಾವಿನ ಕಡಿತವನ್ನೂ ಸೇರಿಸಿಕೊಳ್ಳಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಮದ್ದು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಕಡಿತವಾದ ಅಂಗವನ್ನು ಅಲುಗಿಸದೆ ಕೂಡಲೇ ಕರೆದೊಯ್ಯಿರಿ.

ಸ್ವಂತ ವಾಹನ ಹುಡುಕುತ್ತಾ ಕಾಲ ಕಳೆಯುವ ಬದಲು 108ಕ್ಕೆ ಕರೆ ಮಾಡುವುದು ಲೇಸು. ಕರ್ನಾಟಕದಲ್ಲಿ ಆರೋಗ್ಯ ಕವಚ ಎಂಬ ಹೆಸರಿನ ಈ ಸೇವೆ 2008ರಿಂದ ನಡೆದುಬಂದಿದೆ. ಕರೆ ಮಾಡಿದಾಗ ಊರು, ಸಮೀಪದ ಗುರುತು, ರೋಗಿಯ ಪ್ರಜ್ಞೆ ಮತ್ತು ಉಸಿರಾಟದ ಸ್ಥಿತಿಯನ್ನು ಮೊದಲು ಹೇಳಬೇಕು.

ಕ್ಯಾಜುವಾಲ್ಟಿಯ ಅಗತ್ಯವಿಲ್ಲದ ತೊಂದರೆಗಳು

ಹಲವು ತಿಂಗಳ ಸೊಂಟನೋವು, ಚರ್ಮದ ತುರಿಕೆ, ಸಾಮಾನ್ಯ ನೆಗಡಿ, ಮಾತ್ರೆ ಮುಗಿದುದಕ್ಕೆ ಹೊಸ ಚೀಟಿ ಇವುಗಳಿಗಾಗಿ ರಾತ್ರಿ ಹತ್ತು ಗಂಟೆಗೆ ತುರ್ತು ವಿಭಾಗಕ್ಕೆ ಹೋಗುವವರಿದ್ದಾರೆ. ಹಗಲಿನ ಹೊರರೋಗಿ ವಿಭಾಗದ ಸಾಲು ತಪ್ಪುತ್ತದೆಂಬುದು ಅವರ ಲೆಕ್ಕ. ಇಂತಹವರು ಬೆಡ್ ಹಿಡಿಯುವುದಿಲ್ಲವಾದರೂ ಒಬ್ಬರೇ ಇರುವ ರಾತ್ರಿಯ ವೈದ್ಯರ ಸಮಯವನ್ನು ಹಿಡಿಯುತ್ತಾರೆ. ಇಂತಹ ತೊಂದರೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಿಮ್ಮ ಊರಿನ ವೈದ್ಯರು ಸಾಕು. ಸಂದೇಹವಿದ್ದರೆ 104 ಸಹಾಯವಾಣಿಯಲ್ಲಿ ಕೇಳಬಹುದು. ಆದರೆ ಅಪಾಯವಿದೆಯೋ ಇಲ್ಲವೋ ಎಂಬ ಅನುಮಾನವಿದ್ದಾಗ ಸಂಕೋಚಪಡದೆ ಹೋಗಬೇಕು. ವಿಶೇಷವಾಗಿ ಎಳೆಯ ಮಗು, ಗರ್ಭಿಣಿ ಮತ್ತು ವೃದ್ಧರ ವಿಷಯದಲ್ಲಿ ಹಾಗೆ ಹೋದುದು ತಪ್ಪಲ್ಲ.

ಪರಿಚಾರಕನ ನಾಲ್ಕು ಗುಣಗಳು

ವೈದ್ಯ, ಔಷಧ, ಪರಿಚಾರಕ, ರೋಗಿ ಇವು ಚಿಕಿತ್ಸೆಯ ನಾಲ್ಕು ಪಾದಗಳೆಂದು ಚರಕರು ಹೇಳುತ್ತಾರೆ. ಪರಿಚಾರಕನಿಗೆ ನಾಲ್ಕು ಗುಣಗಳಿರಬೇಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ನಮ್ಮಲ್ಲಿ ಅನುರಾಗಕ್ಕೆ ಕೊರತೆಯಿಲ್ಲ. ಒಬ್ಬ ರೋಗಿಯೊಡನೆ ಹದಿನೈದು ಜನರು ಬರುತ್ತಾರೆ. ಕೊರತೆಯಿರುವುದು ಉಳಿದ ಮೂರಕ್ಕೆ.

ತಿಳಿವಳಿಕೆ ಎಂದರೆ ತೊಂದರೆ ಎಷ್ಟು ಗಂಟೆಗೆ ಆರಂಭವಾಯಿತು, ರೋಗಿ ಕೊನೆಯ ಬಾರಿ ಆರೋಗ್ಯದಿಂದ ಇದ್ದುದನ್ನು ಯಾರು ಯಾವಾಗ ಕಂಡರು, ಯಾವ ಮಾತ್ರೆ ಸೇವಿಸುತ್ತಾರೆ, ಯಾವ ಔಷಧ ಒಗ್ಗದು ಎಂಬುದನ್ನು ಬಲ್ಲವರೊಬ್ಬರು ಜೊತೆಗಿರುವುದು. ಆಯುರ್ವೇದ ಔಷಧ ಸೇವಿಸುತ್ತಿದ್ದರೆ ಅದನ್ನೂ ಮರೆಮಾಚದೆ ಹೇಳಬೇಕು. ದಕ್ಷತೆ ಎಂದರೆ ಹಳೆಯ ಚೀಟಿಗಳು, ಮಾತ್ರೆಗಳ ಪಟ್ಟಿ, ಆಧಾರ್, ಪಡಿತರ ಚೀಟಿ, ಆಯುಷ್ಮಾನ್ ಕಾರ್ಡ್ ಇವೆಲ್ಲವನ್ನು ಒಂದೇ ಚೀಲದಲ್ಲಿ ಸಿದ್ಧವಾಗಿಟ್ಟಿರುವುದು. ಶುಚಿತ್ವ ಎಂದರೆ ಒಬ್ಬರು ಒಳಗಿದ್ದು ಉಳಿದವರು ಹೊರಗಿರುವುದು. ಒಂದೇ ಪ್ರಶ್ನೆಯನ್ನು ಹತ್ತು ಜನರು ಹತ್ತು ಸಲ ಕೇಳಿದರೆ ಉತ್ತರ ಹೇಳುವ ವೈದ್ಯರು ಅಷ್ಟು ಹೊತ್ತು ಮತ್ತೊಬ್ಬ ರೋಗಿಯಿಂದ ದೂರವಿರುತ್ತಾರೆ. ಕೈಯೆತ್ತುವುದಂತೂ ಮಹಾಪಾಪ, ಆ ಕ್ಷಣದಲ್ಲಿ ಇಡೀ ವಿಭಾಗದ ಚಿಕಿತ್ಸೆ ನಿಲ್ಲುತ್ತದೆ.

ತಿಳಿದಿರಬೇಕಾದ ಹಕ್ಕು

ತಾಳ್ಮೆಯೆಂದರೆ ಅನ್ಯಾಯವನ್ನು ಸಹಿಸುವುದಲ್ಲ. ಅಪಘಾತದ ಗಾಯಾಳುವಿಗೆ ಪೊಲೀಸ್ ವಿಧಿಗಳು ಮುಗಿಯುವವರೆಗೆ ಕಾಯದೆ ಚಿಕಿತ್ಸೆ ನೀಡುವುದು ಪ್ರತಿ ವೈದ್ಯನ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 1992ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಬೆಡ್ ಇಲ್ಲ, ಸೌಕರ್ಯವಿಲ್ಲ ಎಂದು ಹಿಂದಕ್ಕೆ ಕಳುಹಿಸಿದವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯಿತು. 1996ರಲ್ಲಿ ನ್ಯಾಯಾಲಯವು ಇದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆಯೆಂದು ಸಾರಿ 25,000 ರೂಪಾಯಿ ಪರಿಹಾರ ಕೊಡಿಸಿತು. ಎಲ್ಲಿ ಬೆಡ್ ಖಾಲಿಯಿದೆಯೆಂಬುದನ್ನು ಆಸ್ಪತ್ರೆಗಳು ಪರಸ್ಪರ ತಿಳಿಸುವ ಕೇಂದ್ರ ವ್ಯವಸ್ಥೆ ಇರಬೇಕೆಂದೂ ಹೇಳಿತು. ಆದ್ದರಿಂದ ಬೆಡ್ ಇಲ್ಲವೆಂದರೆ ರೋಗಿಯನ್ನು ಎತ್ತಿಕೊಂಡು ಓಡಬೇಡಿ. ಪ್ರಥಮ ಚಿಕಿತ್ಸೆ ಮಾಡಿ, ಎಲ್ಲಿ ಸ್ಥಳವಿದೆಯೆಂದು ವಿಚಾರಿಸಿ, ಚೀಟಿಯೊಡನೆ ಆಂಬುಲೆನ್ಸಿನಲ್ಲಿ ಕಳುಹಿಸಿಕೊಡಿ ಎಂದು ವಿನಯದಿಂದ, ಆದರೆ ದೃಢವಾಗಿ ಕೇಳಿರಿ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೆ 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ರಕ್ಷಣೆ ನೀಡಿದೆ. ಕೋರ್ಟು ಕಚೇರಿಯ ಭಯದಿಂದ ಯಾರೂ ಹಿಂಜರಿಯಬೇಕಿಲ್ಲ.

ಬಂಧುಗಳೇ, ದಾಸೋಹದಲ್ಲಿ ಉಂಡವರು ಎಲೆಯೆತ್ತಿ ಎದ್ದು ಮುಂದಿನವರಿಗೆ ಸ್ಥಳ ಬಿಡುವುದೂ ಸೇವೆಯೇ. ಆಸ್ಪತ್ರೆಯಲ್ಲಿಯೂ ಬೇಗ ಹೋಗುವುದು, ಅಗತ್ಯವಿಲ್ಲದಾಗ ಹೋಗದಿರುವುದು, ಗುಣವಾದೊಡನೆ ಬೆಡ್ ಬಿಡುವುದು ಇವು ಮೂರೂ ನಾವು ಕಾಣದ ಇನ್ನೊಬ್ಬ ರೋಗಿಗೆ ಮಾಡುವ ದಾಸೋಹ. ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿ ಬಾಗಿಲ ಬಳಿ ತೂಗುಹಾಕಿರಿ. ಸ್ಕ್ಯಾನ್ ಇರುವ ಸಮೀಪದ ಆಸ್ಪತ್ರೆ ಯಾವುದೆಂದು ಮನೆಯವರೆಲ್ಲ ಸೇರಿ ಮಾತನಾಡಿಕೊಳ್ಳಿರಿ. ಆ ಚೀಲದ ಅಗತ್ಯ ನಿಮಗೆ ಎಂದೂ ಬಾರದಿರಲಿ ಎಂಬುದೇ ನಮ್ಮ ಹಾರೈಕೆ.